ಬೀಟೆ ಕುರ್ಚಿಯ ಪಾಲಿಶ್ ಬೆಳ್ಳಗಾದಾಗ

ಮೈಸೂರಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಫ್ರೆಂಚ್ ಪಾಲಿಶ್ (ಶೆಲ್ಲಾಕ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು) ಹಚ್ಚಿದರೆ ಕುರ್ಚಿ ಕೈಗಳ ಮೇಲೆ ಹಾಲು ಸವರಿದಂತೆ ಬಿಳಿ ಮಬ್ಬು ಏಳುತ್ತದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಶೆಲ್ಲಾಕ್ ಪದರದಲ್ಲಿ ಸಿಕ್ಕಿಕೊಳ್ಳುವುದೇ ಕಾರಣ. ಪೂರ್ತಿ ಕೆರೆಯುವುದು ದಂಡ. ಒಳ್ಳೆ ಬೀಟೆಗೆ ಅದು ಅನ್ಯಾಯ ಕೂಡ.

ಬಿಸಿಲು ಬಂದ ದಿನ ಹತ್ತಿಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಉಂಡೆ ಕಟ್ಟಿ, ಸ್ಪಿರಿಟ್ ಹನಿಸಿ, ಹಿಂಡಿದೆ. ಮುಂಗೈಗೆ ಒತ್ತಿದರೆ ತಂಪು ತಾಗಬೇಕು, ಒದ್ದೆಯಾಗಬಾರದು. ಮರದ ಎಳೆಯ ಗುಂಟ ಹಗುರವಾಗಿ, ನಿಲ್ಲಿಸದೆ ಎಳೆದೆ. ಮಬ್ಬು ಕರಗಿ ಬೀಟೆಯ ಕಪ್ಪು ಗೆರೆಗಳು ಎದ್ದವು. ಉಂಡೆ ಒಂದೆಡೆ ನಿಂತರೆ ಪಾಲಿಶ್ಶೇ ಕಿತ್ತು ಬರುತ್ತದೆ, ಜೋಕೆ.

ರಾತ್ರಿ ಆರಲು ಬಿಟ್ಟು, 400 ನಂಬರ್ ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿದೆ. ಆಮೇಲೆ ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಶೆಲ್ಲಾಕ್ ಚಕ್ಕೆ ಕರಗಿಸಿ, ಸೋಸಿ, ತೆಳುವಾಗಿ ಮೂರು ಕೈ ಕೊಟ್ಟೆ. ಕರಗಿಸಿ ಆರು ತಿಂಗಳು ದಾಟಿದ ಪಾಲಿಶ್ ಬೇಡ. ಅದು ಸರಿಯಾಗಿ ಆರದೆ ಅಂಟಂಟಾಗೇ ಉಳಿಯಬಹುದು.