ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಊಟ, ನೀರು, ಮಾತ್ರೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯಿಂದ ಜಠರ ಚಿಕ್ಕದಾಗುತ್ತದೆಯೇ ಹೊರತು ದೇಹಕ್ಕೆ ಬೇಕಾದ ಪೋಷಕಾಂಶಗಳ ಪ್ರಮಾಣ ಕಡಿಮೆಯಾಗುವುದಿಲ್ಲ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹೀಗಾಗಿ ಬೈಪಾಸ್ ಆದವರ ಆಹಾರವು ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವ ಕರುಳಿನ ಮೊದಲ ಭಾಗವನ್ನು ಮುಟ್ಟದೆಯೇ ಮುಂದೆ ಸಾಗುತ್ತದೆ. ನನ್ನ ಅಕ್ಕನಿಗೆ ಬೈಪಾಸ್ ಆದಾಗ ಮೊದಲ ಎರಡು ತಿಂಗಳು ಅವಳ ಊಟದ ಹೊಣೆ ನನ್ನ ಮೇಲಿತ್ತು, ಮುಂದಿನ ವರ್ಷಗಳಲ್ಲೂ ಅವಳ ಜೊತೆಗಿದ್ದೇನೆ. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ವೈದ್ಯರು ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ಪಾಲಿಸಿರಿ.

ಮೊದಲ ಒಂದೆರಡು ದಿನ ತಿಳಿಯಾದ ದ್ರವ, ಎರಡು ವಾರಗಳವರೆಗೆ ಹಾಲಿನಂತಹ ಗಟ್ಟಿ ದ್ರವ, ಆಮೇಲೆ ನುಣ್ಣಗೆ ಅರೆದ ಆಹಾರ, ನಂತರ ಮೆತ್ತನೆಯ ಆಹಾರ, ಆರರಿಂದ ಎಂಟು ವಾರಗಳ ಹೊತ್ತಿಗೆ ಎಂದಿನ ಊಟ ಎಂಬುದು ಸಾಮಾನ್ಯ ಕ್ರಮ. ಹೊಲಿಗೆಯ ಜಾಗ ಮಾಯುವ ಮೊದಲೇ ಗಟ್ಟಿ ಆಹಾರ ತಿಂದರೆ ಅಪಾಯವಿರುವುದರಿಂದ, ಹಸಿವಿಲ್ಲ, ನೋವಿಲ್ಲ, ಚೆನ್ನಾಗಿದ್ದೇನೆ ಎಂದು ಒಂದು ಹಂತವನ್ನು ಹಾರಿ ಮುಂದಿನದಕ್ಕೆ ಹೋಗಬಾರದು. ಈ ದಿನಗಳಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ನೀರು ಕುಡಿಯುವುದು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ಬೇಕು, ಆದರೆ ಒಂದು ಲೋಟವನ್ನು ಒಮ್ಮೆಗೇ ಕುಡಿಯಲು ಆಗುವುದಿಲ್ಲ. ನಾವು ಕೆಮ್ಮಿನ ಔಷಧಿ ಅಳೆಯುವ 30 ಮಿಲಿಲೀಟರ್‌ನ ಸಣ್ಣ ಲೋಟವನ್ನು ಬಳಸಿದೆವು. ಒಂದೂವರೆ ಲೀಟರ್ ಎಂದರೆ ಅಂತಹ 50 ಲೋಟಗಳು. ಎಚ್ಚರವಾಗಿರುವ 14 ಗಂಟೆಗಳಿಗೆ ಹಂಚಿದರೆ ಸುಮಾರು 17 ನಿಮಿಷಕ್ಕೊಂದು. ಅಕ್ಕ ಒಂದೊಂದು ಲೋಟವನ್ನೂ ನಾಲ್ಕೈದು ಗುಟುಕುಗಳಲ್ಲಿ ಮುಗಿಸಿ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದಳು, ಸಂಜೆ ನಾನು ಗೆರೆಗಳನ್ನು ಎಣಿಸುತ್ತಿದ್ದೆ. ಮೂತ್ರದ ಬಣ್ಣ ಗಾಢವಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ನೀರು ಸಾಲದೆಂದು ತಿಳಿಯಬೇಕು. ಕುಡಿದದ್ದೂ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಫೋನ್ ಮಾಡಬೇಕು.

ಗಟ್ಟಿ ಆಹಾರ ಆರಂಭವಾದ ಮೇಲೆ ಊಟದೊಂದಿಗೆ ನೀರು ಕುಡಿಯಬಾರದು, ಉಂಡ ಮೇಲೆ ಅರ್ಧ ಗಂಟೆ ಕಾಯಬೇಕು. ಚಿಕ್ಕ ಚಮಚದಲ್ಲಿ ತೆಗೆದುಕೊಂಡು, ಪ್ರತಿ ತುತ್ತನ್ನೂ ಬಾಯಲ್ಲೇ ಗಂಜಿಯಾಗುವಷ್ಟು ಅಗಿದು, ಒಂದು ಊಟಕ್ಕೆ 20ರಿಂದ 30 ನಿಮಿಷ ಕೊಡಬೇಕು. ಏಳನೆಯ ವಾರದಲ್ಲಿ ಅಕ್ಕ ಮಾತಿನ ಭರದಲ್ಲಿ ಬೇಯಿಸಿದ ಮೊಟ್ಟೆಯ ತುಂಡೊಂದನ್ನು ಸರಿಯಾಗಿ ಅಗಿಯದೆ ನುಂಗಿಬಿಟ್ಟಳು. ಎದೆಯ ನಡುವೆ ಏನೋ ಒತ್ತಿ ಹಿಡಿದಂತಾಯಿತು, ಬಾಯಿ ತುಂಬ ನೊರೆನೊರೆಯಾದ ಜೊಲ್ಲು ಬಂತು, ಅರ್ಧ ಗಂಟೆ ಅವಳು ಬೇಸಿನ್ ಹಿಡಿದು ಬಾಗಿ ನಿಂತಿದ್ದಳು. ನೀರು ಕುಡಿಸಿದರೆ ಇಳಿದೀತೆಂದು ನಾನು ಲೋಟ ತಂದಿದ್ದೆ; ಅದು ತಪ್ಪು, ನೀರು ಅದರ ಮೇಲೆಯೇ ನಿಂತು ನೋವನ್ನು ಹೆಚ್ಚಿಸುತ್ತದೆ. ಹೊಟ್ಟೆ ತುಂಬಿತು ಎನ್ನುವ ಸೂಚನೆಯೂ ಈಗ ಬದಲಾಗಿರುತ್ತದೆ: ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗಿನಲ್ಲಿ ನೀರು, ಕೆಲವರಿಗೆ ಎದೆಮೂಳೆಯ ಕೆಳಗೆ ಭಾರ. ಅದು ಕಾಣಿಸಿದೊಡನೆ ಚಮಚ ಕೆಳಗಿಡಬೇಕು. ಮನೆಯವರೂ ‘ಇನ್ನೊಂದೇ ತುತ್ತು’ ಎಂದು ಒತ್ತಾಯಿಸದಿರುವುದು ಬಹಳ ಮುಖ್ಯ.

ತಟ್ಟೆಯಲ್ಲಿ ಮೊದಲು ತಿನ್ನಬೇಕಾದದ್ದು ಪ್ರೋಟೀನ್ ಇರುವ ಪದಾರ್ಥ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಸಿಗದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ತೂಕದ ಯಂತ್ರ ಆ ವ್ಯತ್ಯಾಸವನ್ನು ತೋರಿಸುವುದಿಲ್ಲ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಎಂದರೆ ಈ ಲೆಕ್ಕ ಎಷ್ಟು ಬಿಗಿಯಾದದ್ದೆಂದು ತಿಳಿಯುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿಯ ನೆರವು ಪಡೆಯುವುದರಲ್ಲಿ ತಪ್ಪೇನಿಲ್ಲ. ಹಸಿವು ಹುಟ್ಟಿಸುವ ಹಾರ್ಮೋನು ಕಡಿಮೆಯಾಗಿರುವುದರಿಂದ ಹಸಿದಾಗ ಉಣ್ಣುತ್ತೇನೆಂದು ಕಾದರೆ ದಿನವೇ ಕಳೆದುಹೋಗುತ್ತದೆ, ಗಡಿಯಾರ ನೋಡಿ ಉಣ್ಣಬೇಕು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಅನೇಕರನ್ನು ಹೆದರಿಸುತ್ತದೆ. ವೇಗವಾಗಿ ತೂಕ ಇಳಿದಾಗ ಇದು ಸಹಜ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಆದರೆ ವರ್ಷವಾದರೂ ನಿಲ್ಲದಿದ್ದರೆ ಕಬ್ಬಿಣ, ಸತು, ಪ್ರೋಟೀನ್ ಕೊರತೆಯಿದೆಯೇ ಎಂದು ಪರೀಕ್ಷಿಸಬೇಕು.

ಸಿಹಿ ತಿಂದ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡಿ, ಬೆವತು, ಎದೆ ಬಡಿದುಕೊಂಡು ಭೇದಿಯಾದರೆ ಅದನ್ನು ಡಂಪಿಂಗ್ ಎನ್ನುತ್ತಾರೆ. ಒಂದರಿಂದ ಮೂರು ಗಂಟೆಗಳ ನಂತರ ಸಕ್ಕರೆ ಕುಸಿದು ಕೈ ನಡುಗುವುದು ಅದರ ಇನ್ನೊಂದು ರೂಪ. ಸಕ್ಕರೆಯ ಪಾನೀಯಗಳನ್ನು ಬಿಟ್ಟು, ಪ್ರೋಟೀನ್ ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಉಂಡರೆ ಎರಡೂ ಬಹುಮಟ್ಟಿಗೆ ತಪ್ಪುತ್ತವೆ.

ಇನ್ನು ಮಾತ್ರೆಗಳ ವಿಷಯ. ಇವು ಜೀವಮಾನವಿಡೀ ಬೇಕು ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲರೂ ಒಪ್ಪುತ್ತಾರೆ, ಎರಡನೆಯ ವರ್ಷದಲ್ಲಿ ಮರೆಯುತ್ತಾರೆ. ಅಕ್ಕನೂ ಮರೆತಳು. ಬಟ್ಟೆಯ ಅಳತೆ ಇಳಿದಿತ್ತು, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿರಲಿಲ್ಲ, ಇನ್ನೇಕೆ ಮಾತ್ರೆ ಎಂದುಕೊಂಡಳು. ಮೂರನೆಯ ವರ್ಷ ಅಂಗಾಲು ಜುಮುಜುಮು ಎನ್ನತೊಡಗಿತು, ಕತ್ತಲಲ್ಲಿ ನಡೆದರೆ ಕಾಲು ಎಲ್ಲಿ ಊರುತ್ತಿದೆಯೆಂದು ತಿಳಿಯದಾಯಿತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಬಹಳ ಕಡಿಮೆಯಿತ್ತು. ಯಕೃತ್ತಿನಲ್ಲಿ ಈ ವಿಟಮಿನ್‌ನ ಸಂಗ್ರಹ ವರ್ಷಗಟ್ಟಲೆ ಇರುವುದರಿಂದ ಕೊರತೆ ತಡವಾಗಿ ಕಾಣಿಸುತ್ತದೆ, ಮತ್ತು ನರಗಳಿಗೆ ಆದ ಹಾನಿ ಕೆಲವೊಮ್ಮೆ ಪೂರ್ತಿ ಸರಿಹೋಗುವುದೇ ಇಲ್ಲ. ಚುಚ್ಚುಮದ್ದಿನಿಂದ ಅಕ್ಕ ಚೇತರಿಸಿಕೊಂಡಳು, ಆದರೂ ಒಂದು ಪಾದದ ಬೆರಳುಗಳಿಗೆ ಇಂದಿಗೂ ಸ್ಪರ್ಶ ಮಂದವಾಗಿದೆ. ಇದನ್ನು ತಪ್ಪಿಸಲು ಸಾಮಾನ್ಯವಾಗಿ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಬಿ12 ಮಾತ್ರೆ ಅಥವಾ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಚುಚ್ಚುಮದ್ದು ಸಾಕಾಗುತ್ತದೆ.

ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು. ಸಿಟ್ರೇಟ್ ರೂಪದ್ದನ್ನು ಆರಿಸಿರಿ, ಏಕೆಂದರೆ ಕಾರ್ಬೊನೇಟ್ ಕರಗಲು ಬೇಕಾದ ಆಮ್ಲ ಈಗ ಕಡಿಮೆ. ಒಮ್ಮೆಗೆ 500–600 ಮಿಲಿಗ್ರಾಂಗಿಂತ ಹೆಚ್ಚು ತೆಗೆದುಕೊಂಡರೆ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೈಪಾಸ್ ಅಥವಾ ಸ್ಲೀವ್ ಆದವರಿಗೆ, ಮುಟ್ಟಾಗುವ ಮಹಿಳೆಯರಿಗೆ ಮುಖ್ಯವಾಗಿ, 45ರಿಂದ 60 ಮಿಲಿಗ್ರಾಂ ಕಬ್ಬಿಣವನ್ನು ಹೇಳುತ್ತಾರೆ. ಕಬ್ಬಿಣ ಹೀರಲ್ಪಡುವುದನ್ನು ಕ್ಯಾಲ್ಸಿಯಂ ತಡೆಯುವುದರಿಂದ ಅವುಗಳ ನಡುವೆ ಎರಡು ಗಂಟೆ ಅಂತರವಿರಬೇಕು. ಅಕ್ಕನ ಈಗಿನ ವೇಳಾಪಟ್ಟಿ ಹೀಗಿದೆ: ಬೆಳಿಗ್ಗೆ ಮಲ್ಟಿವಿಟಮಿನ್ ಮತ್ತು ಬಿ12, ಹನ್ನೊಂದಕ್ಕೆ, ಮೂರಕ್ಕೆ, ಏಳಕ್ಕೆ ಕ್ಯಾಲ್ಸಿಯಂ, ಮಲಗುವ ಮುನ್ನ ಕಬ್ಬಿಣ. ವಿಟಮಿನ್ ಡಿ ಎಷ್ಟು ಬೇಕೆಂಬುದನ್ನು ರಕ್ತದ ಮಟ್ಟ ನೋಡಿ ನಿರ್ಧರಿಸುತ್ತಾರೆ. ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ, ಆಮೇಲೆ ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸಬೇಕು.

ಒಂದು ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕು. ದೇಹದಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಎರಡು ಮೂರು ವಾರಗಳಿಗೆ ಮಾತ್ರ ಸಾಕಾಗುವಷ್ಟಿರುತ್ತದೆ. ಹಲವು ದಿನ ಬಿಡದೆ ವಾಂತಿಯಾಗುತ್ತಿದ್ದು, ದೃಷ್ಟಿ ಎರಡಾಗಿ ಕಂಡರೆ, ನಡಿಗೆ ತಪ್ಪಿದರೆ, ಮಾತಿನಲ್ಲಿ ಗೊಂದಲ ಬಂದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಥಯಾಮಿನ್ ಕೊಡಿ ಎಂದು ಕೇಳಲು ಸಂಕೋಚ ಪಡಬೇಡಿರಿ.

ಮನಸ್ಸಿಗೂ ಈ ಕಾಲ ಹಗುರವಲ್ಲ. ಬೇಸರವಾದಾಗ ತಿನ್ನುವ ಅಭ್ಯಾಸವಿದ್ದವರಿಗೆ ಆ ಆಸರೆ ಒಮ್ಮೆಲೇ ಕೈತಪ್ಪುತ್ತದೆ, ಜೋತುಬಿದ್ದ ಚರ್ಮ ಕನ್ನಡಿಯ ಮುಂದೆ ಅಳಿಸುತ್ತದೆ, ‘ಸುಲಭದ ದಾರಿ ಹಿಡಿದೆ’ ಎನ್ನುವವರ ಮಾತು ಚುಚ್ಚುತ್ತದೆ. ಅಕ್ಕ ಇದನ್ನೆಲ್ಲ ನನ್ನೊಡನೆ ಹೇಳಿಕೊಂಡದ್ದು ಆರು ತಿಂಗಳ ಮೇಲೆ. ನಾನೇ ಮೊದಲು ಕೇಳಬೇಕಿತ್ತು. ದುಃಖ ವಾರಗಟ್ಟಲೆ ಉಳಿದರೆ ಆಪ್ತಸಮಾಲೋಚಕರನ್ನು ಕಾಣಬೇಕು. ಮದ್ಯ ಈಗ ಬೇಗ ತಲೆಗೇರುತ್ತದೆ ಮತ್ತು ಚಟವಾಗುವ ಸಾಧ್ಯತೆಯೂ ಹೆಚ್ಚು, ಆದ್ದರಿಂದ ಅದರಿಂದ ದೂರವಿರುವುದೇ ಒಳ್ಳೆಯದು. ಗರ್ಭ ಧರಿಸುವುದನ್ನು 12ರಿಂದ 18 ತಿಂಗಳು ಮುಂದೂಡಬೇಕು.

ಯಾವ ವೈದ್ಯರ ಬಳಿ ಹೋದರೂ, ಹಲ್ಲುನೋವಿಗೇ ಆಗಿರಲಿ, ಶಸ್ತ್ರಚಿಕಿತ್ಸೆಯಾಗಿದೆ ಎಂದು ಮೊದಲೇ ತಿಳಿಸಬೇಕು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಬೈಪಾಸ್ ಆದವರ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಹುದು. ಮೊದಲ ವಾರಗಳಲ್ಲಿ ಜ್ವರ, ವೇಗದ ನಾಡಿ, ಉಸಿರಾಟದ ತೊಂದರೆ ಅಥವಾ ಹೆಚ್ಚುತ್ತಿರುವ ಹೊಟ್ಟೆನೋವು ಕಂಡರೆ, ಹಾಗೂ ಎಷ್ಟೇ ವರ್ಷಗಳ ನಂತರವಾದರೂ ತಡೆಯಲಾಗದ ಹೊಟ್ಟೆನೋವು ಬಂದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.