ಮೊದಲು ನೋಟ್‌ಬುಕ್, ಆಮೇಲೆ ಮೊಬೈಲ್: ಗಂಗಾವತಿಯಲ್ಲಿ ನಾವು ಪಾತ್ರ ಕಟ್ಟಿದ ಬಗೆ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಅಕ್ಕನ ಮಗಳು, ಅವಳ ಇಬ್ಬರು ಗೆಳತಿಯರು, ಪಕ್ಕದ ಮನೆ ಹುಡುಗ, ಮತ್ತೆ ನಾನು. ನಾನು ಕಥೆ ಹೇಳುತ್ತೇನೆ. ಅವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಗೆದ್ದರೋ ಸೋತರೋ ಅನ್ನೋದನ್ನ 20 ಮುಖದ ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ ಇದು.

ಮೊದಲ ವಾರ ಎಲ್ಲರ ಮೊಬೈಲಿಗೂ ಪಾತ್ರ ಕಟ್ಟಿಕೊಡುವ ಒಂದು ರೆಡಿ ಟೂಲ್ ಹಾಕಿಕೊಟ್ಟೆ. ಬಟನ್ ಒತ್ತುತ್ತಾ ಹೋದರು, ಹತ್ತು ನಿಮಿಷದಲ್ಲಿ ನಾಲ್ಕು ಪಾತ್ರ ತಯಾರು. ಆಟ ಶುರುವಾದ ಮೇಲೆ ಒಬ್ಬಳನ್ನು ಕೇಳಿದೆ, "ನಿನ್ನ ಕವಚದ ಅಂಕಿ 14 ಹೆಂಗ ಬಂತು?" ಅವಳಿಗೆ ಗೊತ್ತಿಲ್ಲ. ಉಳಿದವರಿಗೂ ತಮ್ಮ ಅಂಕಿ ಎಲ್ಲಿಂದ ಬಂತು ಗೊತ್ತಿಲ್ಲ. ಕವಚದ ಅಂಕಿ ಜಾಸ್ತಿ ಇದ್ದಷ್ಟೂ ಶತ್ರುವಿನ ಏಟು ತಾಗೋದು ಕಷ್ಟ. ತೊಗಲಿನ ಕವಚಕ್ಕೆ 11, ಚುರುಕುತನಕ್ಕೆ 3, ಒಟ್ಟು 14, ಅಷ್ಟೇ ಲೆಕ್ಕ. ಅದು ಗೊತ್ತಿದ್ದರೆ ಕವಚ ಕಳೆದುಕೊಂಡಾಗ ಎದೆ ಝಲ್ ಅನ್ನುತ್ತದೆ. ಗೊತ್ತಿಲ್ಲದಿದ್ದರೆ 14 ಬರೀ ಒಂದು ನಂಬರ್. ಮುಂದಿನ ವಾರ ಮೊಬೈಲ್ ಪಕ್ಕಕ್ಕಿಟ್ಟು ನೋಟ್‌ಬುಕ್ ತರಿಸಿದೆ.

ಈ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಎಲ್ಲರಿಗೂ ಸಿಗುತ್ತವೆ. ಮೂಲ ಯಾರದು ಅಂತ ಹೇಳಿದರೆ ಸಾಕು, ಅನುವಾದ ಮಾಡಬಹುದು, ಬದಲಾಯಿಸಬಹುದು. ಹಾಗಾಗಿ ಧೈರ್ಯವಾಗಿ ಕನ್ನಡಕ್ಕೆ ತಂದೆ. ಪ್ರತಿ ಪಾತ್ರಕ್ಕೆ ಆರು ಗುಣ. ನಾವು ತಾಕತ್ತು, ಚುರುಕು, ತಾಳಿಕೆ, ಬುದ್ಧಿ, ಅರಿವು, ವರ್ಚಸ್ಸು ಅಂತ ಕರೆದೆವು. ಬುದ್ಧಿಗೂ ಅರಿವಿಗೂ ಏನು ವ್ಯತ್ಯಾಸ ಅಂತ ಎಲ್ಲರೂ ಕೇಳಿದರು. ತುಂಗಭದ್ರಾ ಡ್ಯಾಮಿಗೆ ಎಷ್ಟು ಗೇಟ್ ಅಂತ ನೆನಪಿಟ್ಟು ಹೇಳೋದು ಬುದ್ಧಿ, ಹೊಳೆಯ ಬಣ್ಣ ನೋಡಿ ನೀರು ಬಿಟ್ಟಿದ್ದಾರೆ ಅಂತ ದಡ ಹತ್ತೋದು ಅರಿವು ಅಂದೆ. ಆಮೇಲೆ ಯಾರೂ ಕೇಳಲಿಲ್ಲ.

ಗುಣಕ್ಕೆ ಅಂಕಿ ಕೊಡಲು ಹಳೆಯ ದಾರಿ ದಾಳದ್ದು. ಆರು ಮುಖದ ನಾಲ್ಕು ದಾಳ ಎಸೆದು, ಕಡಿಮೆ ಬಿದ್ದದ್ದನ್ನು ಬಿಟ್ಟು, ಉಳಿದ ಮೂರನ್ನು ಕೂಡಬೇಕು. ಸರಾಸರಿ 12ಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಮನೆಯಲ್ಲಿದ್ದ ಹಾವು-ಏಣಿ ಆಟದ ದಾಳಗಳನ್ನೇ ಕೂಡಿಸಿಕೊಂಡು ಎಸೆದೆವು. ಒಬ್ಬಳಿಗೆ 17, 16, 16 ಬಿತ್ತು. ಪಕ್ಕದ ಮನೆ ಹುಡುಗನಿಗೆ ಇದ್ದುದರಲ್ಲೇ ಜಾಸ್ತಿ ಅಂದರೆ 12. ಅವನು ಮಾತಾಡಲಿಲ್ಲ, ಆದರೆ ಮುಖ ಸಣ್ಣದಾಯಿತು. ತಿಂಗಳುಗಟ್ಟಲೆ ಆಡುವ ಪಾತ್ರ ಅದು. ಒಂದು ಗಂಟೆಯ ದಾಳ ಅದನ್ನು ಕುಂಟು ಮಾಡಬಾರದು ಅನ್ನಿಸಿತು.

ಅದಕ್ಕೇ 27 ಅಂಕದ ಖರೀದಿ ಆರಿಸಿಕೊಂಡೆವು. ಎಲ್ಲ ಗುಣವೂ 8ರಿಂದ ಶುರು. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಅಂಕ ಖರ್ಚು. 14ಕ್ಕೆ ಒಟ್ಟು 7, 15ಕ್ಕೆ ಒಟ್ಟು 9. ಅದರ ಮೇಲೆ ಕೊಳ್ಳುವಂತಿಲ್ಲ. 15, 14, 13, 12, 10, 8 ಅಂತ ತೆಗೆದುಕೊಂಡರೆ ಸರಿಯಾಗಿ 27 ಆಗುತ್ತದೆ. ಸಂತೆಗೆ ಹೋದ ಹಾಗೆ, ಒಂದು ಬೇಕು ಅಂದರೆ ಇನ್ನೊಂದು ಬಿಡಬೇಕು. ಆ ಮಧ್ಯಾಹ್ನ ನಾಲ್ವರೂ ಚೌಕಾಸಿ ಮಾಡಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತು.

ಇದಾದ ಮೇಲೆ ನಾನೇ ಒಂದು ಶೀಟ್ ಮಾಡಿದೆ. ಲಿಬ್ರೆ ಆಫೀಸ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ. ಅದನ್ನೇ ಎಲ್ಲರೂ ಮೊಬೈಲಿನಲ್ಲಿ ನೋಡುತ್ತಿದ್ದರು. ಖರ್ಚಿನ ಲೆಕ್ಕಕ್ಕೆ "ಗುಣದಿಂದ 8 ಕಳೆ" ಅಂದರೆ ಸಾಲದು, 14 ಮತ್ತು 15ರಲ್ಲಿ ತಪ್ಪುತ್ತದೆ. ಒಂದು ಸಣ್ಣ ಪಟ್ಟಿ ಹಾಕಿ, ಪಟ್ಟಿಯಲ್ಲಿ ಹುಡುಕಿ ತರುವ ವಿ-ಲುಕಪ್ ಫಾರ್ಮುಲಾದಿಂದ ಅದನ್ನು ಓದಿಸಿದೆ.

ನಾನು ಎಡವಿದ್ದು ಕೂಡು-ಕಳೆಯಲ್ಲಿ. ದಾಳದ ಜೊತೆ ಕೂಡುವ ಅಥವಾ ಕಳೆಯುವ ಅಂಕಿಗೆ ನಾವಿಟ್ಟ ಹೆಸರು ಅದು. ಗುಣದಿಂದ 10 ಕಳೆದು, ಎರಡರಿಂದ ಭಾಗಿಸಿ, ಕೆಳಕ್ಕೆ ಇಳಿಸಬೇಕು. ನಾನು ರೌಂಡ್‌ಡೌನ್ ಅನ್ನೋ ಫಾರ್ಮುಲಾ ಹಾಕಿದ್ದೆ. ಅಕ್ಕನ ಮಗಳ ಪಾತ್ರ ಮಾಂತ್ರಿಕಳು. ತಾಳಿಕೆ 8 ಕೊಂಡಿದ್ದಳು, ಮನುಷ್ಯ ಕುಲಕ್ಕೆ ಪ್ರತಿ ಗುಣಕ್ಕೂ ಒಂದು ಸೇರುವುದರಿಂದ 9 ಆಗಿತ್ತು. ಮೊದಲ ಹಂತದ ಮಾಂತ್ರಿಕರಿಗೆ ಜೀವ, ಅಂದರೆ ಏಟು ತಡೆದುಕೊಳ್ಳುವ ಅಂಕಿ, 6; ಅದಕ್ಕೆ ತಾಳಿಕೆಯ ಕೂಡು-ಕಳೆ.

"ಮಾಮಾ, ನೋಟ್‌ಬುಕ್‌ನ್ಯಾಗ ನನಗ ಐದೇ ಬಂದೈತಿ. ಮೊಬೈಲ್‌ನ್ಯಾಗ ಆರು ತೋರಸಾಕತ್ತೈತಿ" ಅಂದಳು.

ಅವಳದೇ ಸರಿ. 9ರಿಂದ 10 ಕಳೆದು ಅರ್ಧ ಮಾಡಿದರೆ ಮೈನಸ್ ಅರ್ಧ. ರೌಂಡ್‌ಡೌನ್ ಅದನ್ನು ಸೊನ್ನೆಯ ಕಡೆಗೆ ತಳ್ಳುತ್ತದೆ. ಆಟದ ನಿಯಮ ಕೇಳೋದು ಮೈನಸ್ ಒಂದು. ಇಂಟ್ ಅನ್ನೋ ಫಾರ್ಮುಲಾ ಹಾಕಿದೆ, ಸರಿಯಾಯಿತು. 10ರ ಮೇಲೆ ಎರಡೂ ಒಂದೇ ಉತ್ತರ ಕೊಡುತ್ತವೆ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಕೈಯಲ್ಲಿ ಲೆಕ್ಕ ಮಾಡಿರದಿದ್ದರೆ ಯಾವತ್ತೂ ಬೀಳುತ್ತಿರಲಿಲ್ಲ. 8ಕ್ಕೂ 9ಕ್ಕೂ ಕೂಡು-ಕಳೆ ಒಂದೇ ಅಂತ ಅವಳಿಗೆ ಅವತ್ತೇ ಹೊಳೆಯಿತು. ಒಂದು ಅಂಕ ಬೇರೆ ಕಡೆಯಿಂದ ತೆಗೆದು, ತಾಳಿಕೆಯನ್ನು 10 ಮಾಡಿಕೊಂಡಳು.

ಕನ್ನಡ ಅಕ್ಷರದ್ದು ಬೇರೆ ಗೋಳು. ಪಿಡಿಎಫ್ ಫಾರ್ಮಿನ ಖಾನೆಯಲ್ಲಿ ಟೈಪ್ ಮಾಡಿದರೆ ಒತ್ತಕ್ಷರ ಕಳಚಿ ಬೀಳುತ್ತಿತ್ತು. "ಕಿಷ್ಕಿಂಧೆ" ಅಂತ ಬರೆದರೆ ಓದಲಿಕ್ಕೇ ಆಗುತ್ತಿರಲಿಲ್ಲ. ಫಾರ್ಮ್ ಬಿಟ್ಟು, ಶೀಟಿನಲ್ಲೇ ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ ತುಂಬಿಸಿ, ಪೂರ್ತಿಯಾದ ಮೇಲೆ ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಒಯ್ಯುತ್ತೇನೆ. ಹೀಗೆ ಮಾಡಿದರೆ ಫಾಂಟ್ ಫೈಲಿನ ಒಳಗೇ ಇರುತ್ತದೆ, ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಹಿನ್ನೆಲೆ, ಅಂದರೆ ಪಾತ್ರ ಸಾಹಸಕ್ಕೆ ಇಳಿಯುವ ಮೊದಲು ಏನು ಮಾಡಿಕೊಂಡಿತ್ತು ಅನ್ನೋದು. ನಮ್ಮದೇ ಹಿನ್ನೆಲೆ ಕಟ್ಟಿಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಎರಡು ಕೌಶಲ, ಜೊತೆಗೆ ಉಪಕರಣ ಅಥವಾ ಭಾಷೆ ಸೇರಿ ಎರಡು. ಹುಡುಗ ಸಾಣಾಪುರದಲ್ಲಿ ಹರಿಗೋಲು ನಡೆಸುವವನಾದ. ಕಸರತ್ತು, ಕಣ್ಣು-ಕಿವಿಯ ಎಚ್ಚರ, ನೀರಿನ ವಾಹನ, ಇನ್ನೊಂದು ಭಾಷೆ. ಒಬ್ಬ ಗೆಳತಿ ಕಿನ್ನಾಳದ ಗೊಂಬೆ ಮಾಡುವವಳಾದಳು. ಮರ ಕೆತ್ತುವ ಉಪಕರಣ, ಬಣ್ಣದ ಸಾಮಾನು ಎರಡೂ ನಿಯಮದ ಪಟ್ಟಿಯಲ್ಲಿ ಮೊದಲೇ ಇದ್ದವು. ಮಾಂತ್ರಿಕಳಿಗೆ ಅವಳು ಕೊಟ್ಟ ಮೊದಲ ಉಡುಗೊರೆ ಒಂದು ಬಣ್ಣದ ಮರದ ಗಿಳಿ. ಯಾವ ರೆಡಿ ಪಟ್ಟಿಯಿಂದಲೂ ಆ ಗಿಳಿ ಬರುತ್ತಿರಲಿಲ್ಲ.

ಈಗ ನನ್ನ ಶೀಟಿನಲ್ಲಿ ಪ್ರತಿ ಅಂಕಿಯ ಪಕ್ಕ ಒಂದು ಖಾನೆ ಇದೆ. "11 ಕವಚ + 3 ಚುರುಕು" ಅಂತ ಅಲ್ಲೇ ಬರೆದಿರುತ್ತದೆ. ಎರಡನೇ ಹಂತಕ್ಕೆ ಹೋಗುವಾಗ ನಾಲ್ವರೂ ಮೊದಲು ನೋಟ್‌ಬುಕ್ ತೆಗೆದರು. ಹೊಸ ಜೀವದ ಲೆಕ್ಕ ಹಾಕಿ, ಆಮೇಲೆ ಮೊಬೈಲ್ ಜೊತೆ ತಾಳೆ ನೋಡಿದರು. ನಾಲ್ಕೂ ತಾಳೆಯಾದವು.