ಹಳೆ ಬೈಕಿನ ಟ್ಯಾಂಕಿನ ಅಸಲಿ ಬಣ್ಣ ಪತ್ತೆಯಾದದ್ದು ಹೀಗೆ

ಟ್ಯಾಂಕಿಗೆ ಹಿಂದಿನವರು ಪದರದ ಮೇಲೆ ಪದರ ಬಣ್ಣ ಹೊಡೆಸಿದ್ದರು. ಹೊಂದಿಸಿ ತಂದ ಮರೂನ್ ನೆರಳಲ್ಲಿ ಸರಿಯಾಗಿತ್ತು, ಬಿಸಿಲಲ್ಲಿ ಕಂದಾಗಿ ಕಾಣುತ್ತಿತ್ತು.

ಫೋಟೊ ನೋಡಿ ಹೊಂದಿಸುವುದು ದಂಡ. ಒಂದೊಂದು ಪರದೆಯಲ್ಲಿ ಒಂದೊಂದು ಬಣ್ಣ. ಥಿನ್ನರ್ ಬಟ್ಟೆಯಿಂದ ಒರೆಸಿದರೆ ಪದರಗಳೆಲ್ಲ ಕಲಸಿಹೋದವು. ಪೇಂಟ್ ರಿಮೂವರ್ ಅಂತೂ ಸಾಕ್ಷಿಯನ್ನೇ ಅಳಿಸುತ್ತದೆ. ಸೈಡ್ ಕವರಿನ ಹೊರಮೈ ಬಿಸಿಲಿಗೆ ಮಾಸಿತ್ತು, ಅದೂ ಉಪಯೋಗಕ್ಕೆ ಬರಲಿಲ್ಲ.

ಕೆಲಸ ಮಾಡಿದ್ದು ಟ್ಯಾಂಕಿನ ಮೇಲಿನ ಬ್ಯಾಡ್ಜಿನ (ಕಂಪನಿ ಹೆಸರಿನ ಬಿಲ್ಲೆಯ) ಅಡಿಯ ಜಾಗ. ಬಿಸಿಲು ತಾಗದ ಅಲ್ಲಿ 600 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ), ನೀರು ಬಿಡುತ್ತಾ, ನಾಣ್ಯದಗಲ ಉಜ್ಜಿ. ನಟ್ಟನಡುವೆ ಸಾಸಿವೆಯಷ್ಟು ಲೋಹ ಕಂಡೊಡನೆ ನಿಲ್ಲಿಸಿ. ಅಂಚನ್ನು 1000, 1500, 2000ರಲ್ಲಿ ನಯಗೊಳಿಸಿ, ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ಹಚ್ಚಿ. ಈರುಳ್ಳಿ ಕೊಯ್ದಂತೆ ಬಳೆಗಳು ಮೂಡುತ್ತವೆ: ಲೋಹ, ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ಅಡಿಪದರ), ಅದಕ್ಕಂಟಿದ ಮೊದಲ ಬಣ್ಣ. ಸಾಮಾನ್ಯವಾಗಿ ಅದೇ ಅಸಲಿ. ಆದರೆ ಲೋಹದ ಮೇಲೆ ನೇರ ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಸಿಕ್ಕರೆ ಅಲ್ಲಿನ ಹಳೆಯದನ್ನು ಕೆರೆದುಹಾಕಿದ್ದಾರೆಂದೇ ಅರ್ಥ. ಆಗ ಹೆಡ್‌ಲೈಟ್ ರಿಂಗಿನ ಒಳಗೆ, ಟೂಲ್‌ಬಾಕ್ಸ್ ಮುಚ್ಚಳದ ಹಿಂದೆ ಹುಡುಕಿ. ನೀರಿಲ್ಲದೆ ಉಜ್ಜಬೇಡಿ, ಹಳೆ ಬಣ್ಣದ ದೂಳಿನಲ್ಲಿ ಸೀಸ ಇರಬಹುದು.

ಪ್ರೈಮರಿನ ಬಣ್ಣವನ್ನೂ ಗುರುತು ಹಾಕಿಕೊಳ್ಳಿ. ಎಷ್ಟೋ ಕೆಂಪು, ಮರೂನ್ ಬಣ್ಣಗಳು ಅಡಿಯದನ್ನು ಪೂರ್ತಿ ಮುಚ್ಚುವುದಿಲ್ಲ. ತಗಡಿನ ಅರ್ಧಕ್ಕೆ ಬೂದು ಪ್ರೈಮರ್, ಅರ್ಧಕ್ಕೆ ರೆಡ್ ಆಕ್ಸೈಡ್ (ಇಟ್ಟಿಗೆಗೆಂಪು ಪ್ರೈಮರ್) ಹೊಡೆದು, ಮೇಲೆ ಒಂದೇ ಮರೂನ್ ತೆಳುವಾಗಿ ಎರಡು ಕೋಟ್ ಕೊಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನನ್ನ ಟ್ಯಾಂಕಿನಲ್ಲಿ ಅಡಿಯದ್ದು ರೆಡ್ ಆಕ್ಸೈಡ್; ಬೂದು ಪ್ರೈಮರ್ ಬಿಟ್ಟು ಅದನ್ನೇ ಹೊಡೆದ ಮೇಲೆ ಬಣ್ಣ ಕೂಡಿತು. ಹೋಲಿಕೆ ಪೂರ್ತಿ ಒಣಗಿದ ಮೇಲೆ, ಹಗಲು ಬೆಳಕಿನಲ್ಲೇ ಆಗಬೇಕು.